ಬೊಗಸೆ ಹಿಡಿಯದ ಕೈ

"ಏ, ಬಲಗೈ ಚಾಚು! ಎಡಗೈಲೆ ಪ್ರಸಾದ ಇಸಗೋತಾರೇನು?"

ಮಾತಿನ ಸಂಗಡ ಒಂದು ಪೆಟ್ಟೂ ಬಿತ್ತು. ಶಾಲೆಯಲ್ಲಿ ಪೂಜೆ ಇತ್ತು. ಮಕ್ಕಳೆಲ್ಲ ಸಾಲಾಗಿ ನಿಂತು ಬೊಗಸೆ ಹಿಡಿದಿದ್ದರು. ಪುಟಾಣಿ ಸಕ್ಕರೆ ಹಂಚುತ್ತ ಬಂದ ಮಾಸ್ತರರ ಮುಂದೆ ನಮ್ಮ ಅಕ್ಕನ ಮಗಳು ಎಡಗೈ ಒಡ್ಡಿದಳು. ಆಕೆಯ ಬಲಗೈ ಲಂಗದ ಮಗ್ಗುಲಿಗೆ ಜೋತುಬಿದ್ದಿತ್ತು. ಸೊಕ್ಕಿನಿಂದ ಒಡ್ಡಲಿಲ್ಲ ಅಂತಲ್ಲ. ಆ ಕೈ ಏಳೋದಿಲ್ಲ. ಇನ್ನೊಂದು ಕೈಯಿಂದ ಹಿಡಿದು ಎತ್ತಿದರೂ ಅಂಗೈ ಮೇಲಾಗೋದಿಲ್ಲ. ತೋಳು ಮೈಗೆ ಅಂಟಿಕೊಂಡು ಒಳಗೆ ತಿರುಗಿದೆ, ಅಂಗೈ ಹಿಂದಕ್ಕೆ ಮುಖ ಮಾಡಿದೆ. ಆಕೆಗೆ ಈಗ ಏಳು ವರ್ಷ. ಏಳು ವರ್ಷವೂ ಆ ಕೈ ಹಾಗೆಯೇ ಇದೆ, ಹುಟ್ಟಿದ ರಾತ್ರಿಯಿಂದ.

ಬೊಗಸೆ ಅಂದರೇನು ಅಂತ ನಮ್ಮ ಕೇರಿಯವರನ್ನು ಕೇಳಬೇಕು. ಬಾವಿಯ ಹಗ್ಗ ಮುಟ್ಟಬಾರದು, ಚರಿಗಿ ಮುಟ್ಟಬಾರದು. ಮೇಲಿನಿಂದ ಸುರಿದ ನೀರನ್ನು ಬಗ್ಗಿ ಬೊಗಸೆಯಲ್ಲಿ ಹಿಡಿದು ಕುಡಿದವರು ನಮ್ಮ ಮುತ್ಯಾನ ಕಾಲದವರು. ಆ ಬೊಗಸೆ ಬಿಟ್ಟು ಮುಷ್ಟಿ ಕಟ್ಟರೆಪಾ ಅಂತ ಹೇಳಿಕೊಟ್ಟದ್ದು ಚಳವಳಿ. ಈ ಕೂಸಿಗೆ ಬೊಗಸೆ ಆಗೋದಿಲ್ಲ. ಮುಷ್ಟಿ ಕಟ್ಟತಾಳ, ಎತ್ತಾಕ ಬರೂದಿಲ್ಲ!

ಇದು ದೇವರು ಕೊಟ್ಟದ್ದಲ್ಲ. ಗ್ರಹಣದಾಗ ನಮ್ಮಕ್ಕ ಕಾಯಿಪಲ್ಯ ಹೆಚ್ಚಿದ್ದಕ್ಕೆ ಆದದ್ದೂ ಅಲ್ಲ. ಕುತ್ತಿಗೆಯ ಕೆಳಭಾಗದಲ್ಲಿ ಬೆನ್ನುಹುರಿಯಿಂದ ಐದು ನರಗಳು ಹೊರಟು, ಕಂಬಳಿಯ ನೂಲಿನ ಹಾಗೆ ಒಂದರೊಳಗೊಂದು ಹೆಣೆದುಕೊಂಡು, ಹೆಗಲ ಸಂದಿಯಿಂದ ತೋಳಿಗೆ ಇಳಿಯುತ್ತವೆ. ಡಾಕ್ಟರರು ಅದಕ್ಕೆ ಬ್ರೇಕಿಯಲ್ ಪ್ಲೆಕ್ಸಸ್ ಅನ್ನುತ್ತಾರೆ. ಕೂಸಿನ ತಲೆ ಹೊರಬಂದು ಹೆಗಲು ಮಾತ್ರ ತಾಯಿಯ ಮುಂದಿನ ಎಲುಬಿನ ಹಿಂದೆ ಸಿಕ್ಕಿಕೊಳ್ಳುವುದುಂಟು. ಆಗ ಗಾಬರಿಯಲ್ಲಿ ತಲೆ ಹಿಡಿದು ಜಗ್ಗಿದರೆ ಹೆಗಲಿಗೂ ಕುತ್ತಿಗೆಗೂ ನಡುವೆ ಈ ನರಗಳು ಹಿಗ್ಗುತ್ತವೆ. ಹೆಚ್ಚು ಜಗ್ಗಿದರೆ ಹರಿಯುತ್ತವೆ. ಇನ್ನೂ ಜಗ್ಗಿದರೆ, ನಮ್ಮ ಕಡೆ ಬಿಳಿಜೋಳ ಕಿತ್ತಂಗ, ಬೇರುಸಮೇತ ಬೆನ್ನುಹುರಿಯಿಂದ ಕಿತ್ತುಬರುತ್ತವೆ. ಮೇಲಿನ ನರಗಳಿಗೆ ಪೆಟ್ಟಾದರೆ ಹೆಗಲು, ಮೊಣಕೈ ಸೋಲುತ್ತವೆ. ಇದೇ ಎರ್ಬ್ಸ್ ಪಾಲ್ಸಿ. ಫ್ರಾನ್ಸಿನ ಡುಶೆನ್ 1872ರಲ್ಲಿ, ಜರ್ಮನಿಯ ಎರ್ಬ್ 1874ರಲ್ಲಿ ಇದನ್ನು ಬರೆದಿಟ್ಟರು. ಕೆಳಗಿನ ನರಗಳ ಪೆಟ್ಟನ್ನು 1885ರಲ್ಲಿ ಗುರುತಿಸಿದಾಕೆ ಕ್ಲುಂಪ್ಕೆ ಎಂಬ ಹೆಣ್ಣುಮಗಳು, ಪ್ಯಾರಿಸ್ಸಿನ ದವಾಖಾನೆಗಳು ಹೆಂಗಸರಿಗೆ ಸುಲಭಕ್ಕೆ ಬಾಗಿಲು ತೆರೆಯದಿದ್ದ ಕಾಲದಲ್ಲಿ ಜಗಳಾಡಿ ಒಳಹೊಕ್ಕವಳು. ಅಂದರೆ ಈ ಗಾಯ ಜಗತ್ತಿಗೆ ಗೊತ್ತಾಗಿ 150 ವರ್ಷ ದಾಟಿವೆ. ಕೃಷ್ಣಾ ನದಿಯ ದಂಡೆಗೆ ಮಾತ್ರ ಈ ಸುದ್ದಿ ಇನ್ನೂ ಬಂದಿಲ್ಲ!

ಆ ರಾತ್ರಿಯ ಮಾತು ಹೇಳುತ್ತೇನೆ. ದವಾಖಾನೆಯ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಅದೊಂದೇ ದವಾಖಾನೆಯ ಪಾಪ ಆಗಿಬಿಡುತ್ತದೆ, ಉಳಿದವರು ಕೈ ತೊಳೆದುಕೊಳ್ಳುತ್ತಾರೆ.

ಅಕ್ಕನಿಗೆ ಸಂಜೆಗೇ ಬ್ಯಾನಿ ಎದ್ದವು. ಕರೆದುಕೊಂಡು ಹೋದೆವು. ಡಾಕ್ಟರು ಇರಲಿಲ್ಲ, ಫೋನಿನಲ್ಲಿದ್ದರು. ಒಬ್ಬಾಕಿ ಸಿಸ್ಟರು, ಒಬ್ಬಾಕಿ ಆಯಾ, ಒಳಗೆ ಮೂವರು ಹಡಿಯುವವರು. ಅವ್ವನನ್ನು ಒಳಗೆ ಬಿಡಲಿಲ್ಲ. ಬ್ಯಾನಿ ಜೋರಾಗಲಿ ಅಂತ ಸಲಾಯಿನ್‌ದಾಗ ಸೂಜಿ ಹಾಕಿದರು. ನಡುರಾತ್ರಿ ಅಕ್ಕ ಒದರುತ್ತಿದ್ದಳು. "ಮಲಗುವಾಗ ಸವಿ ಹತ್ತಿತ್ತು, ಈಗ ಯಾಕ ಒದರತಿ?" ಅಂದದ್ದು ಹೊರಗಿದ್ದ ನಮಗೂ ಕೇಳಿಸಿತು. ಈ ಮಾತು ಕೇಳದ ಬಡವರ ಹೆಣ್ಣುಮಗಳು ಈ ನಾಡಿನಲ್ಲಿ ಇದ್ದರೆ ಹೇಳಿರಿ, ನಾನು ಬಂದು ಕಾಲು ಮುಗಿಯುತ್ತೇನೆ. ಆಮೇಲೆ ಆಯಾ ಮೇಜಿನ ಪಕ್ಕ ಸ್ಟೂಲ್ ಹತ್ತಿ ಅಕ್ಕನ ಹೊಟ್ಟೆಯ ಮೇಲೆ ಎರಡೂ ಕೈ ಊರಿ ಒತ್ತಿದಳು. ತಲೆ ಬಂತು. ಮೈ ಬರಲಿಲ್ಲ. ಮತ್ತೆ ಒತ್ತಿದಳು. ಸಿಸ್ಟರು ಜಗ್ಗಿದಳು. ಕೂಸು ನೀಲಿಯಾಗಿ ಬಂತು, ತಡವಾಗಿ ಅತ್ತಿತು. ತೂಕ 3 ಕಿಲೋ 900 ಗ್ರಾಂ. "ಗುಂಡನಂಥ ಕೂಸು ಹಡದಾಳ್ರಿ, ಪೇಢೆ ಕೊಡಿಸ್ರಿ," ಎಂದು ಆಯಾ ಬಾಗಿಲಿಗೆ ಬಂದು ಕೇಳಿದಳು. ಕೊಡಿಸಿದೆವು.

ಮರುದಿನ ಅವ್ವ ನೋಡಿದಳು. ಬಾಗಿಲು ದಪ್ಪಂತ ಹಾಕಿದರೆ ಕೂಸು ಬೆಚ್ಚಿಬಿದ್ದು ಎಡಗೈ ಮಾತ್ರ ಎತ್ತುತ್ತದೆ. ಬಲಗೈ ಹತ್ತಿಯ ಬತ್ತಿಯಂತೆ ಬಿದ್ದಿದೆ. ಕೇಳಿದರೆ ಸಿಸ್ಟರು, "ಎಳೀ ಕೈ ಅದ ಯವ್ವ, ಸರಿ ಆಗ್ತದ ತಗೋ," ಅಂದಳು. ಮೂರನೆಯ ದಿನ ಕಾರ್ಡು ಕೊಟ್ಟು ಕಳಿಸಿದರು. ಕಾರ್ಡಿನಲ್ಲಿ ಇಂಗ್ಲೀಷಿನೊಳಗೆ ಬರೆದಿತ್ತು. ನಮ್ಮ ಮನೆತನದಲ್ಲಿ ಇಂಗ್ಲೀಷು ಓದಬಲ್ಲ ಒಬ್ಬನೇ ಒಬ್ಬ ಅಂದರೆ ನಾನು, ಬಿ.ಎ. ಓದುತ್ತಿದ್ದ ನಾನು. ಓದಿದೆ. ಹೆರಿಗೆ ಸಹಜ. ತಾಯಿ ಆರೋಗ್ಯ. ಮಗು ಆರೋಗ್ಯ. ಅಷ್ಟೇ. ಹೆಗಲು ಸಿಕ್ಕಿಕೊಂಡಿತ್ತು ಅಂತ ಇಲ್ಲ. ಎಷ್ಟು ನಿಮಿಷ ಅಂತ ಇಲ್ಲ. ಕೈ ಅಲುಗುತ್ತಿಲ್ಲ ಅಂತ ಇಲ್ಲ. ಯಾವ ದೊಡ್ಡ ಡಾಕ್ಟರಿಗೆ ತೋರಿಸಬೇಕು ಅಂತಂತೂ ಇಲ್ಲವೇ ಇಲ್ಲ.

ನಾನು ಏನು ಮಾಡಿದೆ ಗೊತ್ತೇ? ಆ ರಾತ್ರಿ ಒಂದು ಪದ್ಯ ಬರೆದೆ! ಅಕ್ಕನ ಕೂಗಿನ ಮೇಲೆ, ಕತ್ತಲ ಮೇಲೆ, ರಕ್ತದ ಮೇಲೆ. ಕವಿಗೋಷ್ಠಿಯಲ್ಲಿ ಓದಿದೆ, ಚಪ್ಪಾಳೆ ಬಿದ್ದವು. ಕೇಸ್‌ಶೀಟಿನ ನಕಲು ಕೇಳಲಿಲ್ಲ. ಕೇಳಬಹುದು ಅಂತಲೇ ನನಗೆ ಗೊತ್ತಿರಲಿಲ್ಲ. ನಮ್ಮಪ್ಪ ಹೆಬ್ಬೆಟ್ಟು. ಆತನಿಗೆ ಗೊತ್ತಿಲ್ಲದ್ದು ಆತನ ತಪ್ಪಲ್ಲ. ಪದವಿ ಹೊತ್ತ ನನಗೆ ಗೊತ್ತಿಲ್ಲದ್ದು ಯಾರ ತಪ್ಪು?

ಮನೆಗೆ ಬಂದ ಮೇಲೆ ಆಯಿ ಕೂಸಿಗೆ ಎರೆದಳು. ನಮ್ಮಲ್ಲಿ ಎರೆಯುವುದೆಂದರೆ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕಿ, ಎರಡೂ ಕೈ ಕತ್ತರಿ ಹಾಕಿ ಎದೆಯ ಮೇಲೆ ಜಗ್ಗುವುದು, ಮೈ ಗಟ್ಟಿಯಾಗಲಿ ಅಂತ. ನರ ಹರಿದ ಕೈಯನ್ನು ಮೊದಲ ಕೆಲವು ವಾರ ಹಾಗೆ ಜಗ್ಗಬಾರದು, ಎತ್ತುವಾಗ ಕಂಕುಳಲ್ಲಿ ಕೈ ಹಾಕಬಾರದು, ಅಂಗಿ ತೊಡಿಸುವಾಗ ಆ ಕೈಯನ್ನೇ ಮೊದಲು ತೂರಿಸಬೇಕು, ಆಮೇಲೆ ದಿನಾ ಮೆಲ್ಲಗೆ ಕೀಲು ಆಡಿಸಬೇಕು. ಒಂದು ರೂಪಾಯಿ ಖರ್ಚಿಲ್ಲದ ಈ ನಾಲ್ಕು ಮಾತು ಹೇಳುವವರು ಯಾರೂ ಇರಲಿಲ್ಲ. ಆಯಿ ಪ್ರೀತಿಯಿಂದಲೇ ಜಗ್ಗಿದಳು. ಗಾಳಿ ಬಡದದ ಅಂದರು, ದರ್ಗಾಕ್ಕೆ ಹೋಗಿ ತಾಯಿತ ಕಟ್ಟಿಸಿದೆವು. ಎಲುಬು ಕೂಡಿಸುವವನು ಬಿದಿರಿನ ದಬ್ಬೆ ಕಟ್ಟಿದ. ಎಣ್ಣೆಗೆ, ಕೋಳಿಗೆ, ಬಸ್ಸಿಗೆ ರೊಕ್ಕ ಹೋಯಿತು. ತಿಂಗಳುಗಳೂ ಹೋದವು.

ಹೋದದ್ದು ರೊಕ್ಕವಲ್ಲ, ಆ ತಿಂಗಳುಗಳು. ನಾನು ಹೇಳಬೇಕಾದ ಮಾತು ಇದೊಂದೇ, ಗೆಳೆಯರೇ. ಇಂಥ ಗಾಯ ಸುಮಾರು ಸಾವಿರ ಹೆರಿಗೆಗೆ ಒಂದೋ ಎರಡೋ ಆಗುತ್ತವೆ. ಬಹುಪಾಲು ಕೂಸುಗಳ ಕೈ ಕೆಲವು ವಾರ, ತಿಂಗಳಲ್ಲಿ ತಾನೇ ಮರಳುತ್ತದೆ. ಸಿಸ್ಟರು ಹೇಳಿದ "ಸರಿ ಆಗ್ತದ" ಪೂರ್ತಿ ಸುಳ್ಳಲ್ಲ, ಅದಕ್ಕೇ ಅದು ಅಷ್ಟು ಅಪಾಯದ ಮಾತು. ಯಾಕಂದರೆ ಉಳಿದ ಕೂಸುಗಳಿಗೆ ಒಂದು ಗಡುವು ಇದೆ. ಮೂರು ತಿಂಗಳಾದರೂ ಕೂಸು ಮೊಣಕೈ ಮಡಚಿ ಕೈಯನ್ನು ಬಾಯಿಯ ಕಡೆ ತರದಿದ್ದರೆ ಅದನ್ನು ನರದ ಆಪರೇಶನ್ ಬಲ್ಲ ಸರ್ಜನ್ ನೋಡಲೇಬೇಕು. ಕಾಲಿನ ಒಂದು ನರದ ತುಂಡು ತೆಗೆದು ಹರಿದ ಕಡೆ ಕಸಿ ಮಾಡುತ್ತಾರೆ. ಅದನ್ನು ಸಾಮಾನ್ಯವಾಗಿ ಮೂರರಿಂದ ಒಂಬತ್ತು ತಿಂಗಳೊಳಗೆ ಮಾಡುತ್ತಾರೆ. ಅದು ದಾಟಿ ವರ್ಷ, ಒಂದೂವರೆ ವರ್ಷವಾಯಿತೆಂದರೆ ನರವಿಲ್ಲದ ಸ್ನಾಯು ಒಣಗಿಹೋಗಿರುತ್ತದೆ, ಆಮೇಲೆ ಬಂಗಾರದ ತಂತಿ ಜೋಡಿಸಿದರೂ ಅದು ಏಳುವುದಿಲ್ಲ. ನಮ್ಮ ಕೂಸನ್ನು ತಿಳಿದ ಡಾಕ್ಟರೊಬ್ಬರು ನೋಡಿದಾಗ ಅದಕ್ಕೆ ಹದಿನಾರು ತಿಂಗಳು. ಆತ ಒಳ್ಳೆಯ ಮನುಷ್ಯ. ಕಾರ್ಡು ನೋಡಿದರು, ಕೈ ನೋಡಿದರು, ಬಹಳ ಹೊತ್ತು ಮಾತಾಡಲಿಲ್ಲ. "ಮೂರು ತಿಂಗಳಿಗೆ ತಂದಿದ್ದರ..." ಅಂದು ಬಿಟ್ಟರು. ಮುಂದೆ ದೊಡ್ಡವಳಾದಂತೆ ಬೇರೆ ಕಡೆಯ ಸ್ನಾಯು ತಿರುಗಿಸಿ ಹೊಲೆಯುವ ಆಪರೇಶನ್ ಇದೆ, ಸ್ವಲ್ಪ ಅನುಕೂಲ ಆಗಬಹುದು ಎಂದರು.

ಜಗ್ಗಿದ ಕೈ ಒಂದು ಗಳಿಗೆಯಲ್ಲಿ ಮಾಡಿದ ಗಾಯವನ್ನು ಕಾರ್ಡು ಬರೆದ ಕೈ ಜೀವಮಾನಕ್ಕೆ ಖಾಯಂ ಮಾಡಿತು. ಮೊದಲನೆಯದು ಗಾಬರಿ. ಎರಡನೆಯದು ಗಾಬರಿಯಲ್ಲ. ಹಗಲು ಹೊತ್ತು, ಕುರ್ಚಿಯಲ್ಲಿ ಕೂತು, ಪೆನ್ನು ಹಿಡಿದು ಮಾಡಿದ್ದು!

ಎಲ್ಲಾ ಸೋತ ಕೈಗೂ ಡಾಕ್ಟರರೇ ಕಾರಣ ಅಂತ ನಾನು ಹೇಳುವುದಿಲ್ಲ. ಸರಿಯಾಗಿ ಹೆರಿಗೆ ಮಾಡಿಸಿದರೂ ಈ ಗಾಯ ಆಗುವುದುಂಟು, ಸಿಸೇರಿಯನ್‌ನಲ್ಲೂ ಅಪರೂಪಕ್ಕೆ ಆಗುತ್ತದೆ. ತಾಯಿಗೆ ಸಕ್ಕರೆ ರೋಗವಿದ್ದರೆ, ಕೂಸು ದೊಡ್ಡದಿದ್ದರೆ ಅಪಾಯ ಹೆಚ್ಚು. ಆದರೆ ಹೆಗಲು ಸಿಕ್ಕುವ ಕೂಸುಗಳಲ್ಲಿ ಅರ್ಧದಷ್ಟು ಸಾಧಾರಣ ತೂಕದವೇ, ಹೀಗಾಗಿ ಮೊದಲೇ ಹೇಳಲಿಕ್ಕೂ ಬರುವುದಿಲ್ಲ. ಒಪ್ಪಿದೆ. ಹೇಳಲಿಕ್ಕೆ ಬರುವುದಿಲ್ಲವೆಂದರೆ ಪ್ರತಿ ಹೆರಿಗೆಗೂ ತಯಾರಿರಬೇಕು ಅಂತಲ್ಲವೇ ಅರ್ಥ? ಹೆಗಲು ಸಿಕ್ಕಾಗ ಮಾಡಬೇಕಾದ ಮೊದಲ ಕೆಲಸಕ್ಕೆ ಮಶೀನು ಬೇಕಿಲ್ಲ. ಜಗ್ಗುವುದು ನಿಲ್ಲಿಸಿ, ಜನ ಕರೆಯಬೇಕು. ತಾಯಿಯ ಎರಡೂ ತೊಡೆಗಳನ್ನು ಮಡಚಿ ಹೊಟ್ಟೆಗೆ ತಾಗಿಸಬೇಕು. ಹೊಟ್ಟೆಯ ಮೇಲ್ಭಾಗವನ್ನು ಒತ್ತಬಾರದು. ಕೆಳಹೊಟ್ಟೆಯಲ್ಲಿ ಎಲುಬಿನ ತುಸು ಮೇಲೆ, ಸಿಕ್ಕ ಹೆಗಲು ಪಕ್ಕಕ್ಕೆ ಸರಿಯುವಂತೆ ಒತ್ತಬೇಕು. ಅದಕ್ಕೂ ಬಗ್ಗದಿದ್ದರೆ ಒಳಗೆ ಕೈ ಹಾಕಿ ಕೂಸಿನ ಹಿಂದಿನ ತೋಳನ್ನು ಮೊದಲು ಹೊರತೆಗೆಯಬೇಕು. ನಮ್ಮ ಆಯಾ ಮಾಡಿದ್ದು ನೇರ ತಿರುಗಾ. ಮೇಲಿನಿಂದ ಒತ್ತಿದಷ್ಟೂ ಹೆಗಲು ಎಲುಬಿಗೆ ಇನ್ನಷ್ಟು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಹಾಗೆ ಹೊಟ್ಟೆ ಒತ್ತಿ ಹೆರಿಗೆ ಮಾಡಿಸುವುದನ್ನು ಶಿಫಾರಸು ಮಾಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಸ್ಪಷ್ಟವಾಗಿ ಬರೆದಿದೆ.

ಇಂಗ್ಲೆಂಡಿನ ಬ್ರಿಸ್ಟಲ್ ಊರಿನಲ್ಲಿ ಸೌತ್‌ಮೀಡ್ ಎಂಬ ಆಸ್ಪತ್ರೆಯಿದೆ. ಅಲ್ಲಿ ಡಾಕ್ಟರು, ದಾದಿಯರನ್ನೆಲ್ಲ ಕೂಡಿಸಿ ಪ್ರತಿವರ್ಷ ಗೊಂಬೆಯ ಮೇಲೆ ಇದೇ ಕೆಲಸದ ತಾಲೀಮು ಮಾಡಿಸಿದರು. ಹನ್ನೆರಡು ವರ್ಷದ ಲೆಕ್ಕವನ್ನು 2016ರಲ್ಲಿ ಪ್ರಕಟಿಸಿದರು: ಹೆಗಲು ಸಿಕ್ಕ ಹೆರಿಗೆಗಳು ಆದವು, ಆದರೆ ಕೊನೆಯ ವರ್ಷಗಳಲ್ಲಿ ಖಾಯಂ ಕೈ ಸೋತ ಕೂಸು ಒಂದೂ ಇರಲಿಲ್ಲ. ಒಂದೂ ಇಲ್ಲ! ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಅಂದರೆ ನಮ್ಮ ಕೂಸಿನ ಕೈ ಒಂದು ಗೊಂಬೆಯ ಬೆಲೆಗೆ ಹೋಯಿತು.

ಇನ್ನೊಂದು ಕತೆ ಕೇಳಿ. ಹೆಗಲು ಸಿಕ್ಕಾಗ ತಾಯಿಯನ್ನು ಮಗ್ಗುಲಾಗಿಸಿ ಅಂಬೆಗಾಲಿನಲ್ಲಿ, ಕೈ ಮೊಣಕಾಲು ಊರಿಸಿ ನಿಲ್ಲಿಸಿದರೆ ಎಷ್ಟೋ ಸಲ ಹೆಗಲು ತಾನೇ ಬಿಡುತ್ತದೆ. ವೈದ್ಯಕೀಯ ಪುಸ್ತಕದಲ್ಲಿ ಇದಕ್ಕೆ ಗ್ಯಾಸ್ಕಿನ್ ವಿಧಾನ ಎಂದು ಹೆಸರು. ಐನಾ ಮೇ ಗ್ಯಾಸ್ಕಿನ್ ಅಮೆರಿಕದ ಸೂಲಗಿತ್ತಿ. ಆಕೆ ಇದನ್ನು 1976ರಲ್ಲಿ ಕಲಿತದ್ದು ಮಧ್ಯ ಅಮೆರಿಕದಲ್ಲಿ. ಮೂಲದಲ್ಲಿ ಅದು ಗ್ವಾಟೆಮಾಲದ ಮಾಯಾ ಜನಾಂಗದ ಸೂಲಗಿತ್ತಿಯರ ವಿದ್ಯೆ. ಆಕೆಯೇ ಇದನ್ನು ಪ್ರಾಮಾಣಿಕವಾಗಿ ಹೇಳಿಕೊಂಡಿದ್ದಾಳೆ. ಆದರೆ ಪುಸ್ತಕಕ್ಕೆ ಹೋದದ್ದು ಬಿಳಿಯಾಕೆಯ ಹೆಸರು. ಆ ಮಾಯಾ ಮುದುಕಿಯರ ಹೆಸರು ಎಲ್ಲಿ? ನಮ್ಮ ಕೇರಿಯಲ್ಲೂ ಸೂಲಗಿತ್ತಿ ಇದ್ದಳು. ಊರ ಗೌಡರ ಮನೆಯ ಕೂಸನ್ನೂ ಆಕೆಯೇ ಹಿಡಿದದ್ದು. ಹೊಕ್ಕುಳಬಳ್ಳಿ ಕೊಯ್ಯುವಾಗ ಮುಟ್ಟಿಸಿಕೊಳ್ಳಬಹುದು, ಹನ್ನೆರಡನೇ ದಿನಕ್ಕೆ ಆಕೆ ಮತ್ತೆ ಹೊಸ್ತಿಲ ಹೊರಗೆ! ಆಕೆಯ ವಿದ್ಯೆಯನ್ನು ಯಾರು ಬರೆದುಕೊಂಡರು? ಹಾಗಂತ ನಾನು ಹಳೆಯ ಕಾಲವನ್ನು ಹೊಗಳುವವನಲ್ಲ. ಮೈಲಿಗೆಯ ಕತ್ತಲೆಕೋಣೆಯಲ್ಲಿ, ಕುಡುಗೋಲಿನಿಂದ ಬಳ್ಳಿ ಕೊಯ್ದು, ಎಷ್ಟು ತಾಯಂದಿರು ಸತ್ತರೆಂಬ ಲೆಕ್ಕ ನಮ್ಮ ಸ್ಮಶಾನಕ್ಕೆ ಗೊತ್ತು. ದವಾಖಾನೆಗೇ ಹೋಗಬೇಕು. ಸರ್ಕಾರ ಅದಕ್ಕಾಗಿ ಮಡಿಲು ಕಿಟ್ಟು ಕೊಟ್ಟಿತು, ಜನನಿ ಸುರಕ್ಷಾ ಯೋಜನೆಯ ರೊಕ್ಕ ಕೊಟ್ಟಿತು, ಹೋದೆವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ದವಾಖಾನೆಯಲ್ಲೇ ಆಗುತ್ತವೆ. ಅಂಕಿ ಚೆಂದ ಇದೆ. ಬಾಗಿಲ ಒಳಗೆ ಹೋದವರ ಲೆಕ್ಕ ಅದು. ಒಳಗೆ ಏನಾಯಿತೆಂಬ ಲೆಕ್ಕ ಬರೆಯುವವರು ಯಾರು? 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತ ಮೇಲೆಯೇ ಸಲಾಯಿನ್ ಬಾಟಲಿಯ ಕಡೆ ವಿಧಾನಸೌಧ ಕಣ್ಣೆತ್ತಿ ನೋಡಿದ್ದು. ಸತ್ತರೆ ಸುದ್ದಿ. ಕೈ ಸೋತರೆ ಏನು?

ಸಿಸ್ಟರಿನ ಮೇಲೆ ನನಗೆ ಸಿಟ್ಟಿತ್ತು. ಈಗ ಅಷ್ಟಿಲ್ಲ. ರಾತ್ರಿಯಿಡೀ ಮೂವರು ಹಡಿಯುವವರ ನಡುವೆ ಒಬ್ಬಳೇ ಇದ್ದಳು. ಇಂಥವರಲ್ಲಿ ಎಷ್ಟೋ ಮಂದಿ ಗುತ್ತಿಗೆಯ ನೌಕರಿಯವರು, ನಮ್ಮ ಹಾಗೆಯೇ ಮೊದಲ ಸಲ ಓದಿ ಬಂದವರು, ತಾಂಡಾದವರು, ಕೇರಿಯವರು. ತಪ್ಪು ಆಯಿತು ಅಂತ ಕಾರ್ಡಿನಲ್ಲಿ ಬರೆದಿದ್ದರೆ ಮರುದಿನ ಬೆಳಿಗ್ಗೆ ನೌಕರಿ ಹೋಗುತ್ತಿದ್ದುದು ಆಕೆಯದೇ, ಫೋನಿನಲ್ಲಿದ್ದ ಡಾಕ್ಟರದ್ದಲ್ಲ. ಆಕೆಗೆ ಗೊಂಬೆಯ ಮೇಲೆ ತಾಲೀಮು ಕೊಡದವರು ಯಾರು? ಆಕೆಯೊಬ್ಬಳನ್ನೇ ಬಿಟ್ಟವರು ಯಾರು? ಅವರು ಲೇಬರ್ ರೂಮಿನಲ್ಲಿರುವುದಿಲ್ಲ. ಏ.ಸಿ. ರೂಮಿನಲ್ಲಿರುತ್ತಾರೆ.

ಕಾಯಿದೆ ಇಲ್ಲವೇ ಅಂತ ಕೇಳುತ್ತೀರಿ. ಇದೆ, ಬೇಕಾದಷ್ಟಿದೆ! 1995ರಲ್ಲಿ ಸುಪ್ರೀಂ ಕೋರ್ಟು ವಿ.ಪಿ. ಶಾಂತಾ ಪ್ರಕರಣದಲ್ಲಿ ಹೇಳಿತು: ವೈದ್ಯರ ಸೇವೆಯೂ ಗ್ರಾಹಕ ಕಾಯಿದೆಯೊಳಗೆ ಬರುತ್ತದೆ, ತಪ್ಪಾದರೆ ಗ್ರಾಹಕರ ವೇದಿಕೆಗೆ ಹೋಗಬಹುದು. ದೇಶವೆಲ್ಲ ಕುಣಿಯಿತು. ಅದೇ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ಎಲ್ಲರಿಗೂ ಪುಕ್ಕಟೆ ಸೇವೆ ಕೊಡುವ ದವಾಖಾನೆಗೆ ಇದು ಅನ್ವಯಿಸುವುದಿಲ್ಲ. ಬೆಂಕಿಪೆಟ್ಟಿಗೆ ಕೊಂಡರೂ ನಾವು ತೆರಿಗೆ ಕೊಡುತ್ತೇವಲ್ಲ ಸ್ವಾಮಿ, ಎಂದರೆ ಆ ತೆರಿಗೆ ಸೇವೆಯ ಬೆಲೆಯಲ್ಲ ಅಂತಲೂ ಅದರಲ್ಲೇ ಬರೆದಿದೆ. ರೊಕ್ಕಾ ಕೊಟ್ಟು ಹಡೆದವಳು ಗ್ರಾಹಕಳು. ಪುಕ್ಕಟೆ ಹಡೆದವಳು ಏನು? ಭಿಕ್ಷುಕಿಯೇ? ಇನ್ನು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆ, 2007ರದು. 2017ರಲ್ಲಿ ಅದಕ್ಕೆ ಸ್ವಲ್ಪ ಹಲ್ಲು ಕೂಡಿಸಲು ಹೊರಟಾಗ ಖಾಸಗಿ ಡಾಕ್ಟರರು ನವೆಂಬರಿನಲ್ಲಿ ದವಾಖಾನೆಗೆ ಬೀಗ ಜಡಿದು ಬೆಳಗಾವಿಗೆ ನಡೆದರು, ಸರ್ಕಾರ ಹಲ್ಲು ಕಿತ್ತು ಕಾಯಿದೆ ಮಾಡಿತು. ಉಳಿದ ಒಸಡಾದರೂ ನಮಗೆ ಉಂಟೇ? ಇಲ್ಲ. ಹೆಸರೇ ಹೇಳುವಂತೆ ಅದು ಖಾಸಗಿಗೆ ಮಾತ್ರ. ಪೊಲೀಸರ ಕಡೆ ಹೋಗೋಣವೆಂದರೆ 2005ರ ಜೇಕಬ್ ಮ್ಯಾಥ್ಯೂ ತೀರ್ಪು: ಘೋರ ನಿರ್ಲಕ್ಷ್ಯವೇ ಆಗಿರಬೇಕು, ಅದನ್ನೂ ಮೊದಲು ಇನ್ನೊಬ್ಬ ಡಾಕ್ಟರು ಹೇಳಬೇಕು. ಹೆಣ ಬಿದ್ದ ಕೂಡಲೇ ಗಾಜು ಒಡೆದು ಡಾಕ್ಟರರನ್ನು ಬಡಿಯುವ ಮಂದಿ ಇರುವಾಗ ಆ ತೀರ್ಪಿನಲ್ಲಿ ನ್ಯಾಯವಿಲ್ಲ ಅನ್ನಲಾರೆ. ಆದರೆ ಯಾವ ಕಾಗದ ನೋಡಿ ಆ ಇನ್ನೊಬ್ಬ ಡಾಕ್ಟರು ಹೇಳಬೇಕು? "ಹೆರಿಗೆ ಸಹಜ, ಮಗು ಆರೋಗ್ಯ" ಎಂಬ ಕಾಗದ ನೋಡಿಯೇ?

ಕಾಗದದ ಕತೆ ಇನ್ನೂ ಚೆಂದ. ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿಯಂತೆ ಒಳರೋಗಿ ಕೇಳಿದರೆ 72 ತಾಸಿನೊಳಗೆ ದಾಖಲೆ ಕೊಡಬೇಕು. ಅದೇ ನಿಯಮದಂತೆ ದಾಖಲೆ ಇಟ್ಟುಕೊಳ್ಳಬೇಕಾದದ್ದು ಮೂರು ವರ್ಷ. ಇತ್ತ 1963ರ ಲಿಮಿಟೇಶನ್ ಕಾಯಿದೆಯ 6ನೇ ಕಲಮು ಅಪ್ರಾಪ್ತ ಮಕ್ಕಳಿಗೆ ರಿಯಾಯಿತಿ ಕೊಡುತ್ತದೆ, ಹದಿನೆಂಟಾದ ಮೇಲೆ ಸಿವಿಲ್ ದಾವೆ ಹಾಕಬಹುದು. ಹಕ್ಕಿಗೆ ಹದಿನೆಂಟು ದಾಟಿದ ಆಯುಷ್ಯ, ಸಾಕ್ಷಿಗೆ ಮೂರೇ ವರ್ಷ!

ಸ್ಕಾಟ್ಲೆಂಡಿನ ಮಾಂಟ್ಗೊಮರಿ ಪ್ರಕರಣದ ಸುದ್ದಿ ನಮ್ಮ ವಕೀಲ ಗೆಳೆಯರಿಗೆ ಗೊತ್ತಿರಬೇಕು. ಆಕೆ ಗಿಡ್ಡ ಹೆಂಗಸು, ಸಕ್ಕರೆ ರೋಗದವಳು. ಕೂಸು ದೊಡ್ಡದಾಯಿತೆಂದು ಆಕೆಗೇ ಅಂಜಿಕೆ. ಇಂಥವರಲ್ಲಿ ಹೆಗಲು ಸಿಕ್ಕುವ ಸಂಭವ ನೂರಕ್ಕೆ ಒಂಬತ್ತು ಹತ್ತು ಎಂದು ಡಾಕ್ಟರಿಗೆ ಗೊತ್ತಿತ್ತು, ಹೇಳಲಿಲ್ಲ. ಹೇಳಿದರೆ ಸಿಸೇರಿಯನ್ ಕೇಳುತ್ತಾರೆ ಅಂತ. 1999ರ ಅಕ್ಟೋಬರ್ 1ರಂದು ಹೆಗಲು ಸಿಕ್ಕಿತು, 12 ನಿಮಿಷ. ಕೂಸಿನ ಮಿದುಳಿಗೆ ಪೆಟ್ಟು, ಕೈಗೂ ಪೆಟ್ಟು. ಎರಡು ಕೋರ್ಟು ಆಕೆಯನ್ನು ಸೋಲಿಸಿದವು. 2015ರ ಮಾರ್ಚಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಅಪಾಯವನ್ನು ತಾಯಿಗೆ ಹೇಳಲೇಬೇಕಿತ್ತು, ತೀರ್ಮಾನ ಆಕೆಯದು ಎಂದಿತು. ಪರಿಹಾರ 52 ಲಕ್ಷ 50 ಸಾವಿರ ಪೌಂಡು. ಆ ತಾಯಿ ಹದಿನೈದು ವರ್ಷ ದಾಟಿ ಹೊಡೆದಾಡಿದಳು. ಗಮನಿಸಿರಿ, ಅಲ್ಲಿಯೂ ದವಾಖಾನೆ ಸರ್ಕಾರದ್ದೇ, ಅಲ್ಲಿಯೂ ಹೆರಿಗೆ ಪುಕ್ಕಟೆಯೇ! ಪುಕ್ಕಟೆ ಹಡೆದೆಯಲ್ಲ, ಬಾಯಿ ಮುಚ್ಚು ಅಂತ ಅಲ್ಲಿ ಯಾರೂ ಹೇಳಲಿಲ್ಲ.

ನಮ್ಮೂರಿಗೆ ಪರಿಹಾರ ಎಂಬ ಶಬ್ದ ಹೊಸದಲ್ಲ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು, ಹಿನ್ನೀರಿನಲ್ಲಿ ಹಳೇ ಕೊಲ್ಹಾರ ಮುಳುಗಿತು. ಆಗ ಅಧಿಕಾರಿಗಳು ಟೇಪು ಹಿಡಿದು ಬಂದು ಗೋಡೆ ಅಳೆದರು, ಬಾವಿ ಅಳೆದರು, ಬೇವಿನ ಗಿಡ ಎಣಿಸಿದರು. ಗಿಡಕ್ಕೂ ರೇಟಿತ್ತು. ಹೊಲ ಇದ್ದವರಿಗೆ ಅಷ್ಟಿಷ್ಟು ಸಿಕ್ಕಿತು, ಇನ್ನೂ ಬಡಿದಾಡುವವರಿದ್ದಾರೆ. ಹೊಲವೇ ಇಲ್ಲದ ನಮ್ಮಂಥವರಿಗೆ ಉಳಿದ ಆಸ್ತಿ ಎರಡು ಕೈ. ಜೋಳ ಕೀಳಲಿಕ್ಕೆ ಎರಡು ಕೈ ಬೇಕು. ಕಬ್ಬು ಕಡಿಯಲಿಕ್ಕೆ ಒಂದು ಹಿಡಿಯಬೇಕು, ಒಂದು ಬೀಸಬೇಕು. ರೊಟ್ಟಿ ಬಡಿಯಲಿಕ್ಕೆ, ಮೊಸರಿನ ಗಡಿಗೆ ತಲೆಯ ಮೇಲಿಟ್ಟು ಬಸ್‌ಸ್ಟ್ಯಾಂಡಿಗೆ ನಡೆಯಲಿಕ್ಕೆ ಎರಡೂ ಬೇಕು. ಶ್ರೀಮಂತರ ಮನೆಯ ಕೂಸಿನ ಕೈ ಸೋತರೆ ಅದು ದುಃಖ. ನಮ್ಮ ಕೂಸಿನ ಕೈ ಸೋತರೆ ಹೊಲ ಮುಳುಗಿದಂತೆ. ಬೇವಿನ ಗಿಡಕ್ಕೆ ಇದ್ದ ರೇಟು ಈ ಕೈಗೆ ಯಾಕಿಲ್ಲ?

ನಮ್ಮ ಸಂಘಟನೆಯ ಗೆಳೆಯರಿಗೂ ಎರಡು ಮಾತು ಹೇಳಬೇಕು, ಸಿಟ್ಟಾಗಬೇಡಿರಿ. ನಾವು ಬಾವಿಗೆ ಹೊಡೆದಾಡಿದೆವು, ಗುಡಿಯ ಬಾಗಿಲಿಗೆ ಹೊಡೆದಾಡಿದೆವು, ಗೋಮಾಳಕ್ಕೆ, ಹಾಸ್ಟೆಲಿಗೆ ಹೊಡೆದಾಡಿದೆವು. ಹೆರಿಗೆ ಕೋಣೆಯ ಬಾಗಿಲಿಗೆ ಬಂದಾಗ ಮಾತ್ರ "ಅದು ಹೆಂಗಸರ ವಿಷಯ" ಅಂತ ಬೀಡಿ ಹಚ್ಚಿಕೊಂಡು ಹೊರಗೆ ನಿಂತೆವು. ಬಾಬಾಸಾಹೇಬರು ಹಾಗೆ ನಿಲ್ಲಲಿಲ್ಲ. 1928ರಲ್ಲಿ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂದಾಗ ಎದ್ದು ನಿಂತು ಅದನ್ನು ಎತ್ತಿಹಿಡಿದರು, ಬಾಣಂತಿಯ ವಿಶ್ರಾಂತಿ ದೇಶದ ಹಿತ, ಅದರ ಭಾರ ಬಹುಮಟ್ಟಿಗೆ ಸರ್ಕಾರವೇ ಹೊರಬೇಕು ಎಂದರು. ಆಗ ನಮ್ಮ ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲೇ ಇತ್ತು. ಮಸೂದೆ ಗಿರಣಿಯ ಹೆಣ್ಣಾಳುಗಳಿಗಷ್ಟೇ ಇತ್ತು ನಿಜ, ಹೊಲದವರಿಗೆ ಅಲ್ಲ. ಆದರೆ ಹೆರಿಗೆ ರಾಜಕೀಯದ ವಿಷಯ ಎಂದು ನೂರು ವರ್ಷಕ್ಕೆ ಹತ್ತಿರವಾಗಿ ಹೇಳಿದವರು ಅವರು. ನಾವು ಅವರ ಫೋಟೋಕ್ಕೆ ಮಾಲೆ ಹಾಕುತ್ತೇವೆ.

ಪುಕ್ಕಟೆ ದವಾಖಾನೆಯವರಿಗೆ ದಾರಿಯೇ ಇಲ್ಲವೆಂದಲ್ಲ. 1992ರಲ್ಲಿ ಬಂಗಾಳದಲ್ಲಿ ರೈಲಿನಿಂದ ಬಿದ್ದ ಒಬ್ಬ ಕೃಷಿ ಕೂಲಿಕಾರನನ್ನು ಒಂದರ ಹಿಂದೊಂದು ಸರ್ಕಾರಿ ದವಾಖಾನೆ ಜಾಗ ಇಲ್ಲವೆಂದು ಹೊರಗೆ ಹಾಕಿದವು. ಸುಪ್ರೀಂ ಕೋರ್ಟಿಗೆ ಹೋದದ್ದು ಪಶ್ಚಿಮ ಬಂಗ ಖೇತ್ ಮಜ್ದೂರ್ ಸಮಿತಿ, ಆ ಕೂಲಿಕಾರರ ಸಂಘ. 1996ರಲ್ಲಿ ತೀರ್ಪು ಬಂತು: ಸಕಾಲದಲ್ಲಿ ಚಿಕಿತ್ಸೆ ಕೊಡದ ಸರ್ಕಾರ ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕನ್ನೇ ಮುರಿದಂತೆ, ಪರಿಹಾರ ಕೊಡು. 25,000 ರೂಪಾಯಿ. ರೊಕ್ಕ ಸಣ್ಣದು, ಮಾತು ದೊಡ್ಡದು. ಒಬ್ಬ ಹೋಗಿದ್ದರೆ ಆತನನ್ನು ಬಾಗಿಲಲ್ಲೇ ತಿರುಗಿಸುತ್ತಿದ್ದರು, ಸಂಘ ಹೋಯಿತು. ನಮಗೆ ಹೈಕೋರ್ಟಿನ ಪೀಠ ಕಲಬುರಗಿಯಲ್ಲಿಯೇ ಇದೆ. ಯಾವ ಸಂಘ ಹೋಗುತ್ತದೆ ಹೇಳಿರಿ? ಜಿಲ್ಲೆಗೆ ಸರ್ಕಾರಿ ಮೆಡಿಕಲ್ ಕಾಲೇಜೇ ಬೇಕು, ಖಾಸಗಿ ಪಾಲುದಾರಿಕೆ ಬೇಡ ಎಂದು 2025ರಲ್ಲಿ ವಿಜಯಪುರದಲ್ಲಿ ಜನ ಧರಣಿ ಕೂತರು. ಒಳ್ಳೆಯದು, ನಾನೂ ಹೋಗಿ ಕೂತಿದ್ದೆ. ಆ ಬೇಡಿಕೆಯ ಪಟ್ಟಿಯಲ್ಲಿ ಇನ್ನೊಂದು ಸಾಲು ಸೇರಿಸಿರಿ: ಪ್ರತಿ ಹೆರಿಗೆ ಕೋಣೆಗೆ ಒಂದು ಗೊಂಬೆ, ಪ್ರತಿವರ್ಷ ತಾಲೀಮು, ರಾತ್ರಿಗೆ ಇಬ್ಬರಾದರೂ ಸಿಸ್ಟರು. ಹಡೆದವಳ ಕೈಗೆ ನಿಜ ಬರೆದ ಕನ್ನಡದ ಕಾರ್ಡು.

ಮಾಸ್ತರರೇ, ಅಕ್ಕೋರೇ, ಈ ಪತ್ರಿಕೆ ಓದುವವರಲ್ಲಿ ನೀವೇ ಹೆಚ್ಚು. ನಿಮ್ಮ ಶಾಲೆಯಲ್ಲಿ ಎಡಗೈ ಒಡ್ಡುವ ಕೂಸಿದ್ದರೆ ಹೊಡೆಯುವ ಮುಂಚೆ ಬಲಗೈ ಯಾಕೆ ಬರಲಿಲ್ಲ ಅಂತ ನೋಡಿರಿ. ನಿಮ್ಮ ಓಣಿಯ ಬಾಣಂತಿಯ ಮನೆಗೆ ತೊಟ್ಟಿಲಿಗೆ ಹೋದಾಗ ಕೂಸು ಬೆಚ್ಚಿದರೆ ಎರಡೂ ಕೈ ಏಳುತ್ತವೆಯೇ ನೋಡಿರಿ. ಆಶಾ ಕಾರ್ಯಕರ್ತೆ ಹೆರಿಗೆಯಾದ ಮೇಲೆ 42 ದಿನದೊಳಗೆ ಆರು ಸಲ ಮನೆಗೆ ಬರುತ್ತಾಳೆ. ನಮ್ಮೂರಿನ ಆಶಾ ಅಕ್ಕನನ್ನು ಕೇಳಿದೆ. "ತೂಕ ನೋಡಾಕ ಹೇಳ್ಯಾರ, ಜ್ವರ ನೋಡಾಕ ಹೇಳ್ಯಾರ. ಕೈ ನೋಡಂತ ನನಗ ಯಾರೂ ಹೇಳಿಲ್ಲೋ ತಮ್ಮಾ," ಅಂದಳು. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಗೌರವಧನಕ್ಕಾಗಿ ರಾತ್ರಿ ಹಗಲು ಚಳಿಯಲ್ಲಿ ಕೂತಿದ್ದವರಲ್ಲಿ ಆಕೆಯೂ ಒಬ್ಬಳು. ಹೊಟ್ಟೆಗೆ ಕೊಡದೆ, ವಿದ್ಯೆಯನ್ನೂ ಕೊಡದೆ ಆಕೆಯ ಹೆಗಲ ಮೇಲೆ ಎಷ್ಟು ಹೊರಿಸುತ್ತೀರಿ? ಜಿಲ್ಲಾ ಆಸ್ಪತ್ರೆಯಲ್ಲಿ ಮಕ್ಕಳ ಶೀಘ್ರ ಚಿಕಿತ್ಸಾ ಕೇಂದ್ರ ಅಂತ ಇರುತ್ತದೆ, 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ್ದು. ಕೂಸನ್ನು ಅಲ್ಲಿಗೆ ಒಯ್ಯಿರಿ. ತಾಯಿತ ಆಮೇಲೆ ಕಟ್ಟಿಸಿದರೂ ನಡೆಯುತ್ತದೆ.

ಹೋದ ವಾರ ನಾನು ಆ ದವಾಖಾನೆಗೆ ಹೋದೆ, ಏಳು ವರ್ಷ ತಡವಾಗಿ. ಅಕ್ಕನ ಸಹಿ ಮಾಡಿಸಿದ ಅರ್ಜಿ ಒಯ್ದಿದ್ದೆ. ಕೇಸ್‌ಶೀಟು, ಬ್ಯಾನಿಯ ಚಾರ್ಟು, ಆ ರಾತ್ರಿಯ ಡ್ಯೂಟಿ ಪಟ್ಟಿ, ಮೂರರದೂ ನಕಲು ಬೇಕೆಂದು. ಕ್ಲಾರ್ಕು ಅರ್ಜಿ ನೋಡಿ, ನನ್ನನ್ನು ನೋಡಿ, "ಹಳೇ ಕಾಗದ ಎಲ್ಲಾ ಹೋಗ್ಯಾವ ತಗೋರಿ," ಅಂದ.

"ಎಲ್ಲಿಗೆ ಹೋಗ್ಯಾವ್ರಿ?"

"ಹೋಗ್ಯಾವ ಅಂದ್ರ ಹೋಗ್ಯಾವ. ಇಲಿ ತಿಂದಾವೋ, ರದ್ದಿಗೆ ಹೋಗ್ಯಾವೋ."

"ಆಯ್ತು, ಅದನ್ನೇ ಬರದು ಸಹಿ ಶಿಕ್ಕಾ ಮಾಡಿ ಕೊಡ್ರಿ. ಇಲಿ ತಿಂದಾವ ಅಂತ."

ಆತ ಪೆನ್ನು ಎತ್ತಿಕೊಂಡ, ಮತ್ತೆ ಇಟ್ಟ. ಅದಕ್ಕೆ ಸಾಹೇಬರು ಬರಬೇಕಂತೆ. ಸೋಮವಾರ ಬಾ ಅಂದಿದ್ದಾನೆ. ಸೋಮವಾರ ಅಕ್ಕನೂ ಬರುತ್ತಾಳೆ, ಕೂಸನ್ನೂ ಕರೆದುಕೊಂಡು. ಶಾಲೆ ಒಂದು ದಿನ ತಪ್ಪುತ್ತದೆ, ತಪ್ಪಲಿ.